ಮೊಲ್ದಾಲಿ ಹಿಡಿದ ದಬ್ಬಣ

ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಮೊಲ್ದಾಲಿಯ ಮನೆಯಲ್ಲಿ, ಓದುತ್ತಿದ್ದ ಮೂರು ಹೆಣ್ಣುಮಕ್ಕಳ ನೋಟ್‌ಪುಸ್ತಕಗಳಿಗಿಂತ ಅವನವೇ ಹೆಚ್ಚು. ಬೆಟ್ಟದೂರು ಆತ್‌ಬಾಶಿಯ ಸಾಮೂಹಿಕ ಬೇಸಾಯದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಇಂಜಿನ್ನಿನ ಕೈಪಿಡಿ ರಷ್ಯನ್ ಭಾಷೆಯಲ್ಲಿದೆಯೆಂದು ರಷ್ಯನ್ ಕಲಿತ. ನಡುವಿನ ಮಗಳು ಅನಿಪಾ ಭಿನ್ನರಾಶಿ ಬಾರದೆ ಅತ್ತಾಗ ಅವಳ ಪಕ್ಕ ಕೂತು ಭಿನ್ನರಾಶಿ ಕಲಿತ. ಕೊನೆಗೆ ಅವಳೇ, "ಅಪ್ಪಾ, ಎಲ್ಲಾ ಲೆಕ್ಕ ನೀವೇ ಮಾಡಿಬಿಟ್ರೆ ನಾನೇನು ಮಾಡ್ಲಿ? ಒಂದಾದ್ರೂ ಬಿಡಿ" ಎಂದು ಪುಸ್ತಕ ಕಸಿದುಕೊಳ್ಳಬೇಕಾಯಿತು.

ಅವನ ಹೆಂಡತಿ ಬುರುಲ್ ಶಿರ್ದಾಕ್ ಎಂಬ ಚಿತ್ತಾರದ ನೆಲಹಾಸು ಮಾಡುವುದರಲ್ಲಿ ಎತ್ತಿದ ಕೈ. ಒತ್ತಿ ಹದಮಾಡಿದ ಉಣ್ಣೆಯ ಎರಡು ಹಾಸುಗಳನ್ನು, ಒಂದು ಕೆಂಪು ಒಂದು ಕಪ್ಪು, ಒಂದರ ಮೇಲೊಂದಿಟ್ಟು ಚಿತ್ತಾರ ಬರೆದು ಚಾಕುವಿನಿಂದ ಒಟ್ಟಿಗೆ ಕೊಯ್ಯಬೇಕು. ಕೆಂಪಿನ ತುಂಡು ಕಪ್ಪಿನ ಕಿಂಡಿಗೆ, ಕಪ್ಪಿನದು ಕೆಂಪಿನ ಕಿಂಡಿಗೆ. ಎಳೆಯಷ್ಟೂ ಸಂದು ಕಾಣದಂತೆ ಕೂಡಿಸಿ ಹೊಲಿದರೆ ಶಿರ್ದಾಕ್. ತಾಯಿಯ ಕೈಯ ಶಿರ್ದಾಕ್ ಇಲ್ಲದೆ ಆ ಕಡೆ ಯಾರೂ ಮಗಳನ್ನು ಗಂಡನ ಮನೆಗೆ ಕಳಿಸುವುದಿಲ್ಲ.

ಹಿರಿಯ ಮಗಳು ಸಾಲ್ಕಿನ್‌ಳ ಮದುವೆ ಬರುವ ಶರತ್ಕಾಲಕ್ಕೆ ಎಂದು ಗೊತ್ತಾದ ಚಳಿಗಾಲದಲ್ಲೇ ಬುರುಲ್‌ಳ ಕೈಗೆ ಸಂಧಿವಾತ ಬಂತು. ಬೆರಳ ಗಿಣ್ಣುಗಳು ಊದಿ ಗಟ್ಟಿಯಾದವು. ಚಹಾದ ಬಟ್ಟಲನ್ನೂ ಎರಡು ಅಂಗೈ ನಡುವೆ ಒತ್ತಿ ಎತ್ತಬೇಕಾಯಿತು. ಕೊಯ್ಯಲು ಸಿದ್ಧವಾಗಿದ್ದ ಹಾಸುಗಳ ಮುಂದೆ ಅವಳು ಕೂತು ಅಳುವುದನ್ನು ನೋಡಿ ಮೊಲ್ದಾಲಿ ಕೇಳಿದ:

"ನಂಗೆ ಹೇಳ್ಕೊಡು."

"ಥೂ! ಗಂಡಸು ಹೊಲಿಗೆಗೆ ಕೂತ್ರೆ ಊರೇನಂತದೆ? ಸಾಲ್ಕಿನ್ ಅಪ್ಪಾ, ನಿಮಗೆ ಬುದ್ಧಿ ಇದೆಯಾ?"

"ಊರು ನನ್ನ ಮಗಳಿಗೆ ಶಿರ್ದಾಕ್ ಮಾಡ್ಕೊಡುತ್ತಾ?"

ಅವಳು ಒಪ್ಪಲಿಲ್ಲ. ಮಾರನೆಯ ದಿನ ಅವಳು ಆಸ್ಪತ್ರೆಗೆ ಹೋದಾಗ ಅವನು ಚಾಕು ಮಸೆದು, ತಾನೇ ಸೀಮೆಸುಣ್ಣದಲ್ಲಿ ಟಗರುಕೊಂಬಿನ ಚಿತ್ತಾರ ಬರೆದು ಕೊಯ್ದುಬಿಟ್ಟ. ಕೆಳಗಿನ ಹಾಸು ಜಾರಿತ್ತು. ಕೆಂಪಿನ ಕೊಂಬು ಕಪ್ಪಿನ ಕಿಂಡಿಗೆ ಹೊಂದಲೇ ಇಲ್ಲ. ಹತ್ತು ಹೆಂಗಸರು ಬೇಸಗೆಯಲ್ಲಿ ಉಣ್ಣೆ ಬಡಿದು, ಬಿಸಿನೀರು ಹೊಯ್ದು, ಉರುಳಿಸಿ ಮಾಡಿದ ಹಾಸುಗಳು ಹಾಳಾಗಿದ್ದವು.

ಬುರುಲ್ ಮನೆಗೆ ಬಂದು ನೋಡಿದಳು. ಬಯ್ಯಲು ಬಾಯಿ ತೆರೆದವಳು ಅವನ ಮುಖ ನೋಡಿ ಪಕ್ಕದಲ್ಲಿ ಕೂತಳು. ಹಾಳಾದ ತುಂಡೊಂದನ್ನು ಅಂಗೈಯಲ್ಲಿ ಸವರುತ್ತ ಹೇಳಿದಳು:

"ಕೊಯ್ಯೋದು ಕೊನೇ ಪಾಠ. ನೀವು ಅದರಿಂದಲೇ ಶುರು ಮಾಡಿದೀರಿ. ನಾನು ಬಾಯಲ್ಲಿ ಹೇಳಬಲ್ಲೆ, ಕೈಯಲ್ಲಿ ತೋರಿಸೋಕಾಗಲ್ಲ. ನಮ್ಮಮ್ಮನ ಹತ್ರ ಹೋಗಿ."

ಬುರುಲ್‌ಳ ತಾಯಿ ಬಾತ್ಮಾ ಹೊಳೆಯಾಚೆಗಿದ್ದಳು. ಎಪ್ಪತ್ತು ದಾಟಿದ್ದರೂ ನಾಲಿಗೆ ಮಾತ್ರ ಚೂಪು. ಕಂಕುಳಲ್ಲಿ ಹಾಳಾದ ಉಣ್ಣೆಯ ಸುರುಳಿ ಹಿಡಿದು ಬಂದ ಅಳಿಯನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಬನ್ನಿ ಅಳಿಯಂದ್ರೇ. ಈ ಮೀಸೆ ದಾರಕ್ಕೆ ಸಿಕ್ಕಿಕೊಂಡ್ರೆ ಬಿಡಿಸೋರ್ಯಾರು?"

"ಬೋಳಿಸ್ಕೊಂಡು ಬರ್ತೀನಿ, ಅತ್ತೇ."

"ಬೇಡ, ನಿಮಗಿರೋ ಚೆಂದ ಅದೊಂದೇ. ಕೂತ್ಕೊಳ್ಳಿ."

ಹಾಳಾದ ಹಾಸನ್ನು ಅವಳು ಚೌಕ ಚೌಕವಾಗಿ ತುಂಡರಿಸಿ, ಅವನ್ನು ಜೋಡಿಸಿ ಕೂರಲು ಒಂದು ಚಿಕ್ಕ ಹಾಸು ಹೊಲಿದು ತನ್ನಿ ಎಂದಳು. ದಿನವೂ ಟ್ರ್ಯಾಕ್ಟರ್ ಶೆಡ್ಡಿನ ಕೆಲಸ ಮುಗಿಸಿ ಮೊಲ್ದಾಲಿ ಹೊಳೆ ದಾಟುತ್ತಿದ್ದ. ಒಂದು ಎಳೆಯನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ ಹೊಸೆಯುವುದು ಕಲಿತ. ಅವನ್ನು ಜೋಡಿಸಿ ಸಂದಿನ ಮೇಲೆ ಕೂರಿಸುವುದು ಕಲಿತ. ಪ್ರತಿ ಹೊಲಿಗೆಯನ್ನೂ ನೋಟ್‌ಪುಸ್ತಕದಲ್ಲಿ ಚಿತ್ರ ಬರೆದುಕೊಂಡ. ಟ್ರ್ಯಾಕ್ಟರಿನ ನಟ್ಟು ಬಿಗಿಯುವ ಬೆರಳಿಗೆ ದಬ್ಬಣ ನಿಲ್ಲುತ್ತಿರಲಿಲ್ಲ; ಉಗುರಿನ ಬುಡಕ್ಕೆ ಚುಚ್ಚಿ ರಕ್ತ ಬರುತ್ತಿತ್ತು. ಹೊಲಿದು ತಂದದ್ದನ್ನು ಬಾತ್ಮಾ ತಿರುಗಿಸಿ, ಹಿಂಬದಿ ನೋಡಿ, ಮಾತಾಡದೆ ಬಿಚ್ಚುತ್ತಿದ್ದಳು. ಹನ್ನೊಂದನ್ನು ಬಿಚ್ಚಿದಳು. ಹನ್ನೆರಡನೆಯದನ್ನು ನೆಲಕ್ಕೆ ಹಾಕಿ ಅದರ ಮೇಲೆ ಕೂತು, "ಚಹಾ ಹಾಕ್ಕೊಳ್ಳಿ, ನಂಗೂ ಕೊಡಿ" ಎಂದಳು.

ಬೇಸಗೆಯಲ್ಲಿ ಹೊಸ ಹಾಸುಗಳಾದವು. ಬುರುಲ್ ಸೀಮೆಸುಣ್ಣವನ್ನು ಅಂಗೈಗಳ ನಡುವೆ ಹಿಡಿದು, ಇಡೀ ತೋಳನ್ನೇ ಆಡಿಸಿ ಚಿತ್ತಾರ ಬರೆದಳು. ಮೊಲ್ದಾಲಿ ಕೊಯ್ದ, ಈ ಸಲ ಹಾಸು ಜಾರದಂತೆ ಸುತ್ತಲೂ ಹೊಲಿದುಕೊಂಡಿದ್ದ. ಬೆಳಕು ಚೆನ್ನಾಗಿ ಬೀಳುವುದು ಬೀದಿ ಕಡೆಯ ಕಿಟಕಿಯ ಬಳಿಯಾದ್ದರಿಂದ ಅಲ್ಲೇ ಹೊಲಿಗೆಗೆ ಕೂತ. ಬುರುಲ್ ಪರದೆ ಎಳೆದರೆ ಅವನು ಸರಿಸುತ್ತಿದ್ದ.

ನೆರೆಯ ಕುದುರೆಗಾಹಿ ಕಚ್ಕಿನ್ ಕಿಟಕಿಗೆ ಮುಖ ಒತ್ತಿ ಕೂಗಿದ: "ಲೇ ಮೊಲ್ದಾಲಿ, ತಲೆಗೆ ಹೆಂಗಸರ ಬಿಳಿ ರುಮಾಲು ಯಾವತ್ತು ಸುತ್ಕೋತೀಯೋ?"

"ನಿನ್ನ ಪ್ಯಾಂಟು ಹಿಂದ್ಗಡೆ ಹರಿದಿದೆ ನೋಡ್ಕೋ. ಬಿಚ್ಚಿಕೊಡು, ಹಾಗೇ ಹೊಲ್ದು ಕೊಡ್ತೀನಿ" ಎಂದ ಮೊಲ್ದಾಲಿ, ತಲೆ ಎತ್ತದೆ.

ಬೀದಿಯಲ್ಲಿದ್ದವರೆಲ್ಲ ನಕ್ಕರು. ಕಚ್ಕಿನ್ ಹಿಂದೆ ಕೈಯಿಟ್ಟು ನೋಡಿಕೊಂಡ. ನಿಜಕ್ಕೂ ಹರಿದಿತ್ತು.

ಮದುವೆಯಲ್ಲಿ ಗಂಡಿನ ಕಡೆಯ ಹೆಂಗಸರು ಶಿರ್ದಾಕನ್ನು ಬಿಚ್ಚಿ ಹಾಸಿ ಸುತ್ತ ಕೂತರು. ವರನ ಅಜ್ಜಿ ಅದರ ಮೂಲೆ ಮಡಚಿ ಹಿಂಬದಿಯ ಮೇಲೆ ಬೆರಳಾಡಿಸಿದಳು. "ಬೀಗಿತ್ತಿ ಕೈಗೆ ಕಾಯಿಲೆ ಅಂದ್ರಲ್ಲ. ಯಾರು ಹೊಲಿದದ್ದು?"

ಬುರುಲ್ ಊದಿದ ಕೈಗಳನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡಳು. ಸಾಲ್ಕಿನ್ ಮಾತ್ರ ಮುಸುಕಿನೊಳಗಿಂದಲೇ, "ನಮ್ಮಪ್ಪ" ಎಂದಳು.

ಮುದುಕಿ ಇನ್ನೊಂದು ಮೂಲೆಯನ್ನೂ ಮಡಚಿ ನೋಡಿದಳು. "ಹೊಲಿಗೆ ಅತಿ ಬಿಗಿ. ಹೆಂಗಸಾದ್ರೆ ಇಷ್ಟು ಎಳೀತಿರ್ಲಿಲ್ಲ" ಎಂದು, ಸೊಸೆಯಂದಿರ ಕಡೆ ತಿರುಗಿ, "ನಾವೆಲ್ಲ ಹೋದ ಮೇಲೂ ಇದು ಬಿಚ್ಚಲ್ಲ. ನನ್ನ ಹಾಸಿಗೆ ಕೆಳಗೆ ಹಾಕಿ" ಎಂದಳು. "ಅತ್ತೇ, ಅದು ಮದುಮಗಳದು!" ಎಂದು ಸೊಸೆಯಂದಿರು ಗಲಾಟೆ ಎಬ್ಬಿಸಿದರು. ಆ ಗಲಾಟೆಯ ನಡುವೆ ಬುರುಲ್‌ಗೆ ಉಸಿರು ಬಂತು.

ಅನಿಪಾಳ ಮದುವೆಗೂ ಕಿರಿಯವಳು ಜೂರಾಳ ಮದುವೆಗೂ ಅವನೇ ಹೊಲಿದ. ಕೊಂಡ ಬಣ್ಣ ಮಾಸುತ್ತದೆಂದು ಜೂರಾಳ ರಸಾಯನಶಾಸ್ತ್ರದ ಪುಸ್ತಕ ಓದಿ, ಬೇರು, ಈರುಳ್ಳಿ ಸಿಪ್ಪೆ ಕುದಿಸಿ, ಮನೆಯ ಒಂದು ಪಾತ್ರೆಯನ್ನೂ ಬಿಡದೆ ಹಾಳುಮಾಡಿದ. ಅವನು ಎಪ್ಪತ್ತರ ಹತ್ತಿರ ಬಂದಾಗ ಬುರುಲ್‌ಗೆ ವಾರಕ್ಕೆ ಮೂರು ಇಂಜೆಕ್ಷನ್ ಬೇಕಾಯಿತು, ನರ್ಸ್ ಬರುತ್ತಿದ್ದುದು ಒಂದೇ ದಿನ. ಅವನು ನೀರು ತುಂಬಿದ ಸಿರಿಂಜನ್ನು ಆಲೂಗಡ್ಡೆಗೆ ಚುಚ್ಚಿ ಚುಚ್ಚಿ ಕಲಿತ. ಆ ಆಲೂಗಡ್ಡೆಯ ಸಾರನ್ನೇ ಇಬ್ಬರೂ ವಾರವೆಲ್ಲ ಕುಡಿದರು. "ನರ್ಸಿಗಿಂತ ನಿಮ್ಮ ಕೈ ಹಗುರ" ಎಂದು ಅವಳು ಹೇಳಿದ್ದನ್ನೂ ನೋಟ್‌ಪುಸ್ತಕದಲ್ಲಿ, ತಾರೀಖಿನ ಸಮೇತ, ಬರೆದಿಟ್ಟ.

ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಹಿಮ ಕರಗುವ ದಿನಗಳ ಒಂದು ಬೆಳಿಗ್ಗೆ, ಚಹಾಕ್ಕೆ ಕಾಯುತ್ತ ಕೂತಲ್ಲೇ ಅವನ ಎದೆಬಡಿತ ನಿಂತಿತು.

ಅಂಗಳದಲ್ಲಿ ಉಣ್ಣೆಯ ಗುಡಾರ ಎದ್ದಿತು. ಒಳಗೆ ಗೋಡೆಗೆ ಮುಖ ಮಾಡಿ ಕೂತ ಹೆಂಗಸರು ಹಾಡಿ ಅಳಬೇಕು. ಹೊರಗೆ ಕೋಲೂರಿ ನಿಂತ ಗಂಡಸರು ಕೇಳಬೇಕು. ಸತ್ತವನನ್ನು ಬೆಟ್ಟವೆಂದು, ಗಿಡುಗವೆಂದು, ಕುದುರೆಗೆ ಒಡೆಯನೆಂದು ಹಾಡುವುದು ವಾಡಿಕೆ. ಬುರುಲ್ ತನ್ನದೇ ಹಾಡು ಕಟ್ಟಿದಳು:

"ಬೆಟ್ಟ ಅಂತ ಹಾಡಲಾರೆ, ದೂರ ನೀನು ನಿಲ್ಲಲಿಲ್ಲ,
ಗಿಡುಗ ಅಂತ ಹಾಡಲಾರೆ, ಮನೆಯ ಬಿಟ್ಟು ಹಾರಲಿಲ್ಲ.
ನನ್ನ ಬೆರಳು ಸತ್ತ ವರುಷ ನಿನ್ನ ಬೆರಳ ಕೊಟ್ಟೆಯಲ್ಲ,
ದಬ್ಬಣವ ಹಿಡಿದವನೇ, ನಾಚದೆ ನೀ ಕೂತೆಯಲ್ಲ."

ಸಂಜೆ ಮೈದುನ ಸಗಿನ್ ಗುಡಾರದ ಬಾಗಿಲಿಗೆ ಬಂದ. "ಅತ್ತಿಗೆ, ನಾರಿನ್ ಪಟ್ಟಣದಿಂದ ದೊಡ್ಡವರೆಲ್ಲ ಬಂದಿದಾರೆ. ಅಣ್ಣ ಒಳ್ಳೇ ಸವಾರನೂ ಆಗಿದ್ದ. ನಾಳೆ ಆ ದಬ್ಬಣದ ಸಾಲೊಂದು ಬಿಟ್ಟು ಹಾಡಿ."

"ಸವಾರರು ಊರ ತುಂಬಾ ಇದಾರೆ ಸಗಿನ್" ಎಂದಳು ಬುರುಲ್. "ದಬ್ಬಣ ಹಿಡಿದವನು ಒಬ್ಬನೇ. ಅವನನ್ನ ಹಾಡೋಕೇ ನಾನಿಲ್ಲಿ ಕೂತಿರೋದು."

ಮರುದಿನ ಹೊಸಬರು ಬಂದಾಗಲೆಲ್ಲ ಅವಳು ಅದನ್ನೇ ಹಾಡಿದಳು, ಗಂಟಲು ಕಟ್ಟುವವರೆಗೆ. ಕಟ್ಟಿದ ಮೇಲೆ ಮೂವರು ಹೆಣ್ಣುಮಕ್ಕಳು ಆ ಹಾಡನ್ನು ಎತ್ತಿಕೊಂಡರು.