ತೊಟ್ಟಿಲಿಗೊಂದು ಕೊಂಡಿ

ಮಧ್ಯಾಹ್ನ ಚಾಪೆಯ ಮೇಲೆ ಅಂಗಾತ ಮಲಗಿ ಸೂರು ನೋಡುವುದೇ ನನ್ನ ಈಗಿನ ಕೆಲಸ. ಸೂರಿನ ನಡುವೆ ಕಬ್ಬಿಣದ ಕೊಂಡಿ, ಕೊಂಡಿಗೆ ಸರಪಳಿ, ಸರಪಳಿಗೆ ತೊಟ್ಟಿಲು, ತೊಟ್ಟಿಲಲ್ಲಿ ಮೊಮ್ಮಗಳು. ತೊಟ್ಟಿಲ ನೆರಳು ಈ ಗೋಡೆಯಿಂದ ಆ ಗೋಡೆಗೆ ಹೋಗಿ ಬರುತ್ತಿದ್ದರೆ ಮನೆಯೇ ಗೋದಾವರಿಯ ಮೇಲೆ ಮೆಲ್ಲಗೆ ತೇಲುತ್ತಿದೆ ಅನ್ನಿಸುತ್ತದೆ. ನಿದ್ದೆಯೋ ಎಚ್ಚರವೋ, ನನಗೇ ತಿಳಿಯುವುದಿಲ್ಲ.

ತೊಟ್ಟಿಲು ಬೀದರ್ ಕಡೆಯದು, ನಮ್ಮವ್ವ ಕೊಟ್ಟದ್ದು. ಅಂಬಡ್‌ನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾಶಿಕಕ್ಕೆ ಬಂದಾಗ ಹೆಗಲ ಮೇಲೆ ಹೊತ್ತು ತಂದಿದ್ದೆ. ಆದರೆ ಅದು ಇಲ್ಲಿ ಇಷ್ಟು ವರ್ಷ ಒಮ್ಮೆಯೂ ತೂಗಲಿಲ್ಲ. ಬಾಡಿಗೆ ಖೋಲಿಗಳಲ್ಲಿ ಹನ್ನೊಂದು ತಿಂಗಳ ಕರಾರು. ಅದು ಮುಗಿಯುತ್ತಲೇ ಮಾಲಕರು ಬಾಡಿಗೆ ಏರಿಸುವರು, ನಾವು ಗಂಟುಮೂಟೆ ಕಟ್ಟುವೆವು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಕ್ಯಾಲೆಂಡರ್ ಕೂಡ ಕಿಟಕಿಯ ಸರಳಿಗೇ ನೇತಾಡುತ್ತಿತ್ತು. ಇನ್ನು ಸೂರಿಗೆ ಕೊಂಡಿ ಎಂದರೆ ಯಾರು ಒಪ್ಪಿಯಾರು? ನನ್ನ ಮಗ ಮಂಚದ ಕೆಳಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಬೆಳೆದ. ತೊಟ್ಟಿಲಲ್ಲಿ ಹಿಟ್ಟಿನ ಡಬ್ಬಿ, ಹಳೆಯ ಚಾದರಗಳು ಬೆಳೆದವು.

ಈ ಮನೆಗೆ ಬಂದದ್ದು ಹೋದ ವರ್ಷ. ಕಾರ್ಖಾನೆಯವರೇ ಕೂಡಿ ಮನೆ ಕಟ್ಟುವ ಸೊಸೈಟಿ ಮಾಡಿಕೊಂಡೆವು. ಕಾಯ್ದೆಯ ಪ್ರಕಾರ ಸೊಸೈಟಿಗೆ ಸರ್ಕಾರದ ಜಾಗ ಸಿಕ್ಕಿತು. ನೆಲ ಎಲ್ಲರದು, ಮೇಲಿನ ಮನೆ ಅವರವರದು. ನೆಲದ ಬೆಲೆ ಒಬ್ಬೊಬ್ಬರ ತಲೆಯ ಮೇಲೆ ಬೀಳಲಿಲ್ಲವೆಂದೇ ಮಗನ ಸಂಬಳಕ್ಕೆ ಮನೆ ಎಟುಕಿತು.

ಸೊಸೆ ಹೆರಿಗೆಗೆ ಸಂಭಾಜಿನಗರದ ತವರಿಗೆ ಹೋದಳು. ತೊಟ್ಟಿಲು ಹಾಕಿ ಹೆಸರಿಡುವುದು ತವರಲ್ಲೇ ಆಗಬೇಕು, ಆದರೆ ಅವರದೂ ಬಾಡಿಗೆ ಮನೆ, ಅಲ್ಲಿಯ ಮಾಲಕರೂ ಕೊಂಡಿಗೆ ಒಪ್ಪಲಿಲ್ಲ. ನಾನು ಫೋನಿನಲ್ಲಿ, “ಕೂಸಿನ ಕುತ್ತಿಗಿ ನಿಂತ ಮ್ಯಾಲ ನಮ್ಮನಿಗೇ ಬರ್ರಿ” ಎಂದೆ.

ಸೊಸೆಯ ತಾಯಿ, ನಮ್ಮ ಬೀಗತಿ, ಮಾತಿನಲ್ಲಿ ಜೋರು. “ನೆಲ ನಿಮ್ದಲ್ಲಂತಲ್ರಿ ಬೀಗರ? ಮತ್ತ ಅದೂ ಬಾಡಿಗಿ ಮನಿನೇ ಆತು. ಮಾಲಕರು ಮಾತ್ರ ಭಾಳ ಮಂದಿ.”

ಮಾತು ಎದೆಯಲ್ಲಿ ಕೂತುಬಿಟ್ಟಿತು. ಮಗ, “ಅಪ್ಪಾ, ಸ್ಟ್ಯಾಂಡ್ ಇರೋ ತೊಟ್ಲಾ ಸಿಗ್ತದ, ಟೆನ್ಶನ್ ಯಾಕ?” ಎಂದ. ನಾನು ಕೇಳಲಿಲ್ಲ. ಕಾಲು ಕೆ.ಜಿ. ಪೇಡಾ ಕಟ್ಟಿಸಿಕೊಂಡು ಸೊಸೈಟಿಯ ಅಧ್ಯಕ್ಷೆಯ ಮನೆಗೆ ಹೋದೆ. ನನ್ನ ಜೊತೆ ಕಾರ್ಖಾನೆಯಲ್ಲೇ ದುಡಿದ ಮರಾಠಿ ಹೆಣ್ಣುಮಗಳು ಅವರು. ಹೊಸ್ತಿಲಲ್ಲಿ ಕೂತು ಮೆಂತ್ಯಸೊಪ್ಪು ಸೋಸುತ್ತಿದ್ದರು.

“ಸೂರಿಗೆ ಕೊಂಡಿ ಹಾಕಲು ಪರವಾನಗಿ ಬೇಕಿತ್ತು” ಎಂದೆ.

“ಯಾರ ಸೂರಿಗೆ?”

“ನನ್ನ ಮನೆಯ ಸೂರಿಗೆ.”

“ನಿಮ್ಮ ಮನೆಗೆ ನನ್ನನ್ನೇಕೆ ಕೇಳುತ್ತೀರಿ, ಆಜೋಬಾ?” ಹೊಸದಾಗಿ ಅಜ್ಜನಾದ ನನ್ನನ್ನು ಹಾಗೆ ಕರೆದು ನಕ್ಕರು.

ಪೇಡಾದ ಪೊಟ್ಟಣವನ್ನು ಕೈಯಿಂದ ಕೈಗೆ ಬದಲಿಸಿದೆ. ಅವರು ನಗುತ್ತಲೇ ಇದ್ದರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು.

“ನಾಳೆ ಯಾರಾದರೂ ಮನೆ ಬಿಟ್ಟು ಏಳಿ ಅಂದರೆ?” ಎಂದು ಕೇಳಿಯೇಬಿಟ್ಟೆ.

“ಯಾರು ಅನ್ನಬೇಕು? ನೆಲ ಸೊಸೈಟಿಯದು, ಸೊಸೈಟಿ ಅಂದರೆ ನಾನು, ನೀವು. ಮನೆ ನಿಮ್ಮ ಮಗನದು, ಆಮೇಲೆ ಮೊಮ್ಮಗಳದು. ಮಾರುವುದಾದರೆ ಮಾತ್ರ ಸೊಸೈಟಿಯ ದರಕ್ಕೆ, ನಮ್ಮಂಥ ದುಡಿಯುವವರಿಗೇ ಮಾರಬೇಕು. ದೊಡ್ಡ ಲಾಭದ ಆಸೆ ಇಟ್ಟುಕೊಳ್ಳಬೇಡಿ.”

“ಮಾರುವವರು ಯಾರು?” ಎಂದೆ.

“ಹಾಗಾದರೆ ಪೇಡಾ ಕೊಡಿ.”

ಮಗ ಡ್ರಿಲ್ ತಂದು ತೂತು ಕೊರೆದ. ಸ್ಟೂಲು ಹಿಡಿದು ನಿಂತ ನನ್ನ ತಲೆಯ ಮೇಲೆ ಸಿಮೆಂಟಿನ ಪುಡಿ ಉದುರಿತು. ಇಷ್ಟು ವರ್ಷ ಮಾಲಕರಿಂದ ಬೇಡ ಬೇಡ ಅನ್ನಿಸಿಕೊಂಡ ಪುಡಿ. ಸಂಜೆಯವರೆಗೂ ಕೊಡವಿಕೊಳ್ಳಲಿಲ್ಲ.

ಹೆಸರಿಡುವ ದಿನ ಬೀಗತಿ ಬಂದವರೇ ಚಪ್ಪಲಿ ಬಿಟ್ಟು ಸೂರು ನೋಡಿದರು. ಎರಡೂ ಕೈಯಿಂದ ಸರಪಳಿ ಹಿಡಿದು ಜಗ್ಗಿದರು, ಮೈಭಾರವನ್ನೆಲ್ಲ ಬಿಟ್ಟರು. ಮೈಕಟ್ಟು ದೊಡ್ಡದು ಅವರದು.

“ಗಟ್ಟಿ ಅದ” ಎಂದರು.

“ನಿಮ್ಮ ಭಾರ ತಡೀತಂದ್ರ ಇನ್ನ ಕೂಸಿನ ಚಿಂತಿ ಬಿಟ್ಟಂಗರಿ” ಎಂದಳು ನನ್ನಾಕೆ.

ಹೆಂಗಸರೆಲ್ಲ ನಗುತ್ತಲೇ ಕೂಸನ್ನು ತೊಟ್ಟಿಲಿಗೆ ಹಾಕಿದರು. ನಮ್ಮವ್ವನ ತೊಟ್ಟಿಲು ಕಿರ್ ಎಂದಿತು, ಆಮೇಲೆ ತೂಗಿತು.

ಊಟಕ್ಕೆ ಕೂತಾಗ ಬೀಗತಿ ದನಿ ತಗ್ಗಿಸಿ ಕೇಳಿದರು: “ನಮ್ಮ ಕಡಿನೂ ಹಿಂಗ ಮಾಡ್ಲಿಕ್ಕ ಬರ್ತದೇನ್ರಿ?”

“ಕಾಯ್ದೆ ಅಲ್ಲೂ ಇದೇ ಅದರಿ. ಜಾಗ ಕೊಡೋ ಸರ್ಕಾರ ಬೇಕು, ಕೂಡಿ ಇರೋ ಮಂದಿ ಬೇಕು.”

“ಮಂದಿನ ನಾ ಕೂಡಸ್ತೀನಿ” ಎಂದು ಹೋಳಿಗೆ ಮುರಿದರು.

ಈಗ ತೊಟ್ಟಿಲು ತೂಗುವ ಹಗ್ಗದ ತುದಿ ನನ್ನ ಕಾಲ್ಬೆರಳಿಗೆ ಕಟ್ಟಿದೆ. ನಾನು ತೂಕಡಿಸಿದರೆ ತೊಟ್ಟಿಲು ನಿಲ್ಲುತ್ತದೆ, ಮೊಮ್ಮಗಳು ಸಣ್ಣಗೆ ರಾಗ ತೆಗೆಯುತ್ತಾಳೆ. ಬೆರಳು ಆಡಿಸುತ್ತೇನೆ. ನೆರಳು ಮತ್ತೆ ಗೋಡೆಯಿಂದ ಗೋಡೆಗೆ ಹೊರಡುತ್ತದೆ.