ಇಪ್ಪತ್ತರ ಮೇಲೆ ಒಂದು ಗೆರೆ

ಯಶವಂತಪುರದ ಆ ಆಸ್ಪತ್ರೆಗೆ ನಾನು ನರ್ಸಿಂಗ್ ಕಲಿಯಲು ಸೇರಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಸೆಕೆಂಡ್ ಮುಳ್ಳಿರುವ ವಾಚು ಕಡ್ಡಾಯ ಎಂದಿದ್ದರಿಂದ ಅಪ್ಪ ತಮ್ಮದನ್ನೇ ಬಿಚ್ಚಿಕೊಟ್ಟಿದ್ದರು. ಗಂಜಿ ಹಾಕಿದ ಟೋಪಿ, ಸ್ಪಿರಿಟ್ ವಾಸನೆಯ ಬೆರಳು, ಸಡಿಲವಾಗಿ ಜಾರುವ ಗಂಡಸರ ವಾಚು. ಆ ಹುಡುಗಿಯನ್ನು ನೆನೆದರೆ ಈಗಲೂ ಮುದ್ದು ಬರುತ್ತದೆ. ಆದ್ದರಿಂದಲೇ ಅವಳ ಮೇಲೆ ನಂಬಿಕೆ ಕಡಿಮೆ.

ಹೆಂಗಸರ ವಾರ್ಡಿನಲ್ಲಿ ಟಿಪಿಆರ್ ತೆಗೆಯುವುದು ನನ್ನ ಪಾಲಿಗೆ ಬಂದಿತ್ತು. ಜ್ವರ, ನಾಡಿ, ಉಸಿರು ಮೂರನ್ನೂ ನೋಡಿ ಮಂಚಕ್ಕೆ ತೂಗುಹಾಕಿದ ಚಾರ್ಟಿನಲ್ಲಿ ಬರೆಯಬೇಕು. ಜ್ವರಕ್ಕೆ ಥರ್ಮಾಮೀಟರು ಇತ್ತು, ನಾಡಿಗೆ ಮಣಿಕಟ್ಟು ಇತ್ತು. ಉಸಿರಿಗೆ ಮಾತ್ರ ಒಂದು ನಿಮಿಷ ಸುಮ್ಮನೆ ನಿಂತು ಎದೆಯ ಏರಿಳಿತ ಎಣಿಸಬೇಕು. ಯಾರೂ ನಿಲ್ಲುತ್ತಿರಲಿಲ್ಲ.

“ಇಪ್ಪತ್ತು ಹಾಕ್ಕೊಂಡ್ ಹೋಗೇ,” ಎಂದು ಸೀನಿಯರ್ ಒಬ್ಬಳು ಮೊದಲ ವಾರವೇ ಹೇಳಿಕೊಟ್ಟಿದ್ದಳು. “ಬದುಕಿರೋರೆಲ್ಲ ಇಪ್ಪತ್ತೇ.”

ಆರ್.ಟಿ. ನಗರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದ ಮುಸ್ಲಿಂ ಹೆಂಗಸೊಬ್ಬರು ಮೂರು ದಿನದಿಂದ ಅಲ್ಲಿದ್ದರು. ಹಿಂದಿನ ದಿನವಷ್ಟೇ ಹೊಟ್ಟೆಯ ಆಪರೇಷನ್ ಆಗಿತ್ತು. ಅವರ ಮಂಚ ಕತ್ತಲೆಯ ಮೂಲೆಯಲ್ಲಿತ್ತು. ಈ ವಾಕ್ಯದ ಮೇಲೆ ಒಂದು ಗೆರೆ ಎಳೆಯುತ್ತೇನೆ, ಅದು ಸುಳ್ಳು: ಮಂಚ ಕಿಟಕಿಯ ಪಕ್ಕದಲ್ಲೇ ಇತ್ತು, ಮಧ್ಯಾಹ್ನದ ಬಿಸಿಲು ಮುಖದ ಮೇಲೇ ಇತ್ತು. ಕತ್ತಲೆಯನ್ನು ಆಮೇಲಿನ ವರ್ಷಗಳಲ್ಲಿ ನಾನೇ ತಂದು ಹಾಕಿಕೊಂಡದ್ದು.

ಬೆಳಗಿನಿಂದ ನರಳುತ್ತಿದ್ದವರು ನೋವಿನ ಇಂಜೆಕ್ಷನ್ ಕೊಟ್ಟ ಮೇಲೆ ತಣ್ಣಗೆ ಮಲಗಿದ್ದರು. ನನಗೂ ಸಮಾಧಾನವಾಯಿತು. ಎಬ್ಬಿಸದೆ ನಾಡಿ ನೋಡಿದೆ, ಇಪ್ಪತ್ತು ಬರೆದೆ, ಮುಂದಿನ ಮಂಚಕ್ಕೆ ಹೋದೆ.

ವಾರ್ಡಿನ ಸಿಸ್ಟರ್ ಬಾಗಲೂರಿನವರು. ನಮ್ಮೊಂದಿಗೆ ಪಟ್ಟಣದ ಮಾತೇ ಆಡುತ್ತಿದ್ದರು. ಗಾಬರಿಯಾದಾಗ ಮಾತ್ರ ಊರು ನಾಲಗೆಗೆ ಬರುತ್ತಿತ್ತು. ಆ ಹೆಂಗಸಿನ ಮಂಚದ ಬಳಿ ನಿಂತು ಚಾರ್ಟ್ ನೋಡಿದರು, ಅವರ ಮುಖ ನೋಡಿದರು.

“ಎಷ್ಟು ಉಸಿರು?”

“ಇಪ್ಪತ್ತು ಸಿಸ್ಟರ್. ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ.”

“ಇಂಗ್ ಬಾ. ಎದೆ ಮ್ಯಾಲೆ ಕೈ ಇಕ್ಕು. ಎಣ್ಸು.”

ಅಂಗೈ ಏರಿತು, ಇಳಿಯಿತು. ಆಮೇಲೆ ಏನೂ ಇಲ್ಲ. ಸೆಕೆಂಡ್ ಮುಳ್ಳು ನಡೆಯುತ್ತಲೇ ಇತ್ತು. ಮತ್ತೆ ಏರುವ ಹೊತ್ತಿಗೆ ನನ್ನ ಉಸಿರೇ ನಿಂತಿತ್ತು. ನಿಮಿಷಕ್ಕೆ ಎಂಟು.

ಇಂಜೆಕ್ಷನ್ ನೋವಿನ ಜೊತೆ ಉಸಿರನ್ನೂ ಮಲಗಿಸುತ್ತಿತ್ತು. ಸಿಸ್ಟರ್ ಆ ಹೆಂಗಸನ್ನು ಎತ್ತಿ ಒರಗಿಸಿ, ಕೆನ್ನೆ ತಟ್ಟಿ, “ಅಮ್ಮಾ, ಉಸಿರು ಎಳ್ಕೊಳಿ” ಎಂದು ಕರೆಯುತ್ತಲೇ ಇದ್ದರು. ನಾನು ಡಾಕ್ಟರನ್ನು ಕರೆಯಲು ಓಡಿದೆ. ಆಕ್ಸಿಜನ್ ಬಂತು, ಮದ್ದಿಗೆ ಮದ್ದಾಗಿ ಇನ್ನೊಂದು ಇಂಜೆಕ್ಷನ್ ಬಿತ್ತು.

ಉಸಿರು ಹನ್ನೆರಡಕ್ಕೆ ಬಂದಾಗ ಸಿಸ್ಟರ್ ನನ್ನ ಕೈಗೆ ಚಾರ್ಟ್ ಕೊಟ್ಟರು.

“ಅಳಿಸ್ಬೇಡ, ತಿದ್ಬೇಡ. ಇಪ್ಪತ್ತರ ಮೇಲೆ ಒಂದೇ ಗೆರೆ ಎಳಿ, ಕೆಳಗಿರೋದು ಕಾಣ್ಬೇಕು. ಪಕ್ಕದಲ್ಲಿ ಎಂಟು ಅಂತ ಬರ್ದು ಸೈನ್ ಹಾಕು.”

ಹಾಕಿದೆ. ಅದರ ಹಿಂದೆ ಮೂರು ದಿನಗಳ ಇಪ್ಪತ್ತುಗಳು ಸಾಲಾಗಿ ಕೂತಿದ್ದವು, ಎಲ್ಲವೂ ನನ್ನ ಅಕ್ಷರದಲ್ಲೇ.

“ಇವಕ್ಕೆ, ಸಿಸ್ಟರ್?”

“ಅವಕ್ಕೆ ನಿಜ ಎಲ್ಲಿಂದ ತರ್ತೀಯ?”

ಸಂಜೆಯವರೆಗೆ ಕಾಲು ಗಂಟೆಗೊಮ್ಮೆ ಎಣಿಸುವ ಕೆಲಸ ನನಗೇ ಬಿತ್ತು. ಎಣಿಸುತ್ತಿದ್ದೇವೆಂದು ರೋಗಿಗೆ ಹೇಳಬಾರದು. ತಿಳಿದರೆ ಉಸಿರಾಟದ ಲಯ ಬದಲಾಗುತ್ತದೆ. ನಾಡಿ ನೋಡುವವಳಂತೆ ಮಣಿಕಟ್ಟು ಹಿಡಿದು, ಕಣ್ಣು ಎದೆಯ ಮೇಲಿಟ್ಟು ಕೂತೆ. ಸೂಜಿ ಚುಚ್ಚಿ ಚುಚ್ಚಿ ಒರಟಾದ ಅವರ ಬೆರಳುಗಳು ನನ್ನ ಇನ್ನೊಂದು ಅಂಗೈಯಲ್ಲಿದ್ದವು. ಹೊರಗೆ ಗೂಡ್ಸ್ ರೈಲು ಕೂಗಿತು ಎಂದು ಬರೆಯಲು ಆಸೆಯಾಗುತ್ತಿದೆ. ಕೂಗಿದ್ದು ನೆನಪಿಲ್ಲ.

ಹದಿನಾಲ್ಕು. ಹದಿನೈದು. ಕತ್ತಲಾಗುವ ಮುಂಚೆ ಅವರು ಕಣ್ಣು ಬಿಟ್ಟು ನನ್ನ ಕೈಯನ್ನೂ ವಾಚನ್ನೂ ಸ್ವಲ್ಪ ಹೊತ್ತು ನೋಡಿದರು.

“ಕ್ಯಾ ಬೇಟಾ, ಇಷ್ಟೊತ್ತು ಹಿಡ್ಕೊಂಡ್ರೂ ನಾಡಿ ಸಿಗ್ಲಿಲ್ವಾ?”

“ಸಿಗ್ತಾ ಇದೆ ಅಮ್ಮಾ. ಮಾತಾಡ್ಬೇಡಿ.”

ಹೊಲಿಗೆ ನೋಯುವುದೆಂದು ಹೊಟ್ಟೆ ಹಿಡಿದುಕೊಂಡೇ ಅವರು ನಕ್ಕರು. ನಕ್ಕ ಉಸಿರನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅವರು ನಗುವುದು ನಿಲ್ಲಿಸುವವರೆಗೆ ಕಾದು, ಮತ್ತೆ ಒಂದರಿಂದ ಎಣಿಸಿದೆ.