ಸೈರನ್ ಕೂಗಿದರೆ ಬಕೆಟ್

೧೯೯೮ರಲ್ಲಿ ನಾನು ಚೆನ್ನೈನ ಉತ್ತರದ ಅಂಚಿನ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಸೇಫ್ಟಿ ಅಸಿಸ್ಟೆಂಟ್ ಆಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಟೈಮ್ ಆಫೀಸಿನಲ್ಲಿ ಹಾಜರಿ ಹಾಕುತ್ತಿದ್ದವನನ್ನು ಈ ಕೆಲಸಕ್ಕೆ ತಂದದ್ದು ನನ್ನ ಬಾಯಿ. ವೆಸ್ಟ್ ಮಾಂಬಲಂನ ಮನೆಯಲ್ಲಿ ಮೇಲುಕೋಟೆಯ ಕನ್ನಡ, ಹೊಸಿಲು ದಾಟಿದರೆ ಮದರಾಸಿನ ತಮಿಳು. ಯಾರ ಹತ್ತಿರವಾದರೂ ನಿಂತು ಮಾತಾಡಬಲ್ಲ ಎಂದು ಮ್ಯಾನೇಜರಿಗೆ ಅನ್ನಿಸಿತ್ತು.

ಕಾರ್ಖಾನೆಯಲ್ಲಿ ಚೆಂಡಿನಾಕಾರದ ಒಂದು ದೊಡ್ಡ ಟ್ಯಾಂಕಿತ್ತು. ಅದರೊಳಗೆ ಅಮೋನಿಯ. ತೇವ ಇರುವ ಕಡೆಯೆಲ್ಲ ಅದು ಅಂಟಿಕೊಳ್ಳುತ್ತದೆ. ಆದ್ದರಿಂದಲೇ ಸೋರಿದರೆ ಮೊದಲು ಉರಿಯುವುದು ಕಣ್ಣು, ಗಂಟಲು, ಶ್ವಾಸಕೋಶ. ಅದೇ ಕಾರಣಕ್ಕೆ ಒದ್ದೆ ಬಟ್ಟೆ ಮೂಗಿಗೆ ಹಿಡಿದರೆ ಅದನ್ನು ಸ್ವಲ್ಪ ತಡೆಯುತ್ತದೆ. ಸೈರನ್ ಕೂಗಿದರೆ ಒಳಗೆ ಹೋಗಿ ಬಾಗಿಲು ಹಾಕಬೇಕು, ಸಂದಿಗೆ ಒದ್ದೆ ಬಟ್ಟೆ ತುರುಕಬೇಕು. ಇದನ್ನು ಸುತ್ತಲಿನ ಜನಕ್ಕೆ ಕಲಿಸಲು ವರ್ಷಕ್ಕೊಮ್ಮೆ ನಡೆಸುವ ತಾಲೀಮಿಗೆ ಮಾಕ್ ಡ್ರಿಲ್ ಎನ್ನುತ್ತಿದ್ದೆವು. ಅದು ನನ್ನ ಹೊಣೆ.

ಮೊದಲ ವರ್ಷ ಸೈರನ್ ಹಾಕಿಸಿ, ಗೇಟಿನ ಮುಂದೆ ಶಾಮಿಯಾನ ಕಟ್ಟಿಸಿ, ಮೈಕು ಹಿಡಿದು ನಿಂತೆ. ಕೇಳಲು ಬಂದದ್ದು ಎರಡು ನಾಯಿ. ಫೋಟೋಗ್ರಾಫರ್ ಕ್ಯಾಮೆರಾ ಚೀಲದಿಂದ ಹೊರಗೇ ತೆಗೆಯಲಿಲ್ಲ.

"ಫೈಲಿಗೆ ಜನ ಬೇಕು ಕಣ್ರೀ. ಹೇಗಾದರೂ ಸೇರಿಸಿ. ಆದರೆ ವಿಷ, ಅಮೋನಿಯ ಅಂತೆಲ್ಲ ಹೇಳಿ ಹೆದರಿಸಬೇಡಿ," ಎಂದರು ಮ್ಯಾನೇಜರು.

ಗೇಟಿನೆದುರು ಇಡ್ಲಿ ಮಾರುತ್ತಿದ್ದ ಸೆಲ್ವಿಯನ್ನು ಕೇಳಿದೆ. ನಲವತ್ತು ದಾಟಿದ ಹೆಂಗಸು. ಅವಳ ಮಾತು ಬೀದಿಯಲ್ಲಿ ನಡೆಯುತ್ತಿತ್ತು. ನಾನು ಅಯ್ಯಂಗಾರಿ ಎಂದು ಎಷ್ಟು ತಿದ್ದಿದರೂ ಅವಳಿಗೆ ನಾನು ಅಯ್ಯರೇ.

"ಸುಮ್ಮನೆ ಭಾಷಣಕ್ಕೆ ಯಾರು ಬರ್ತಾರೆ ಅಯ್ಯರೇ? ಕಲ್ಯಾಣಕ್ಕೆ ಕರೆದರೂ ತಾಂಬೂಲದ ಚೀಲ ಕೊಡ್ತಾರಪ್ಪಾ!"

ಮರುವರ್ಷದಿಂದ, ಸೈರನ್ ಕೇಳಿ ಗೇಟಿಗೆ ಬಂದ ಪ್ರತಿ ಮನೆಗೂ ಒಂದು ಪ್ಲಾಸ್ಟಿಕ್ ಬಕೆಟ್, ಅದರೊಳಗೆ ಲಾಡುವಿನ ಪೊಟ್ಟಣ. ಸೆಲ್ವಿ ಬೀದಿಯನ್ನೇ ಹೊರಡಿಸಿಕೊಂಡು ಬಂದಳು. ಬಾಗಿಲು ಹಾಕಿ, ಬಟ್ಟೆ ಒದ್ದೆ ಮಾಡಿ ಎಂದು ನಾನು ಮೈಕಿನಲ್ಲಿ ಹೇಳುತ್ತಲೇ ಇದ್ದೆ. ಜನ ಬಕೆಟ್ಟಿನ ಬಣ್ಣ ಆರಿಸುತ್ತಿದ್ದರು. ಫೋಟೋ ಚೆನ್ನಾಗಿ ಬಂತು.

ಒಮ್ಮೆ ಸೆಲ್ವಿ ಕೇಳಿದಳು: "ಆ ಉಂಡೆ ಟ್ಯಾಂಕಿನಲ್ಲಿ ಏನಿದೆ ಅಯ್ಯರೇ?"

"ಗೊಬ್ಬರಕ್ಕೆ ಬೇಕಾದ ಸಾಮಾನು," ಎಂದೆ.

೨೦೦೨ರಲ್ಲಿ, ಒಂದು ದಿನ ಹಗಲಲ್ಲೇ, ಟ್ಯಾಂಕರ್ ಲಾರಿಯಿಂದ ಅಮೋನಿಯ ಇಳಿಸುವ ರಬ್ಬರ್ ಕೊಳವೆಯ ಜೋಡಣೆ ಬಿಟ್ಟುಕೊಂಡಿತು. ಸೈರನ್ ಕೂಗಿತು. ಕಡಲ ಗಾಳಿ ನೇರವಾಗಿ ಗೇಟಿನ ಕಡೆಗೇ ಬೀಸುತ್ತಿತ್ತು. ನಾನು ಮಾಸ್ಕ್ ಹಾಕಿಕೊಂಡು ಓಡಿದೆ. ರಸ್ತೆ ಖಾಲಿ ಇರುತ್ತದೆ ಎಂದುಕೊಂಡಿದ್ದೆ.

ಬೀದಿಗೆ ಬೀದಿಯೇ ನಮ್ಮ ಕಡೆಗೆ ಬರುತ್ತಿತ್ತು. ಮುಂದೆ ಸೆಲ್ವಿ. "ಸೀಕ್ರಂ, ಬೇಗ ಬನ್ನಿ, ಈ ಸಲ ತಡವಾದವರಿಗೆ ಮುಚ್ಚಳ ಇಲ್ಲದ ಬಕೆಟ್ಟೇ!" ಎಂದು ಹಿಂದಿನವರನ್ನು ಕೂಗುತ್ತಿದ್ದಳು. ಹಿಂದೆ ಹೋಗಿ ಎಂದು ನಾನು ಅರಚಿದೆ. ಮಾಸ್ಕಿನೊಳಗಿಂದ ದನಿ ಹೊರಗೆ ಬರಲಿಲ್ಲ. ಕೈ ಬೀಸಿದೆ. ಅವಳು ನಗುತ್ತಾ ತಾನೂ ಕೈ ಬೀಸಿದಳು. ಅಷ್ಟರಲ್ಲಿ ಬಿಳಿ ಮಂಜಿನಂಥದ್ದು ಗೇಟು ದಾಟಿತು. ಎಲ್ಲರೂ ತಿರುಗಿ ಓಡಿದರು. ಬಿದ್ದ ಒಬ್ಬ ಮುದುಕಿಯನ್ನು ಎತ್ತಲು ಸೆಲ್ವಿ ನಿಂತಳು.

ಯಾರೂ ಸಾಯಲಿಲ್ಲ. ಹಲವರ ಕಣ್ಣು, ಗಂಟಲು ಕೆಲವು ದಿನ ಉರಿದು ವಾಸಿಯಾದವು. ಸೆಲ್ವಿಯ ಎದೆ ವಾಸಿಯಾಗಲಿಲ್ಲ. ಇಡ್ಲಿ ಪಾತ್ರೆಯ ಹಬೆಗೂ ಒಲೆಯ ಹೊಗೆಗೂ ಕೆಮ್ಮು ಒತ್ತರಿಸಿ ಬಂದು, ಅಂಗಡಿ ಮುಚ್ಚಬೇಕಾಯಿತು.

ಆಸ್ಪತ್ರೆಯಲ್ಲಿ ಅವಳನ್ನು ಕೇಳಿದೆ: "ಸೈರನ್ ಕೇಳಿಯೂ ಯಾಕಮ್ಮಾ ಗೇಟಿಗೆ ಬಂದೆ?"

"ಸೈರನ್ ಕೇಳಿದ್ದಕ್ಕೇ ಬಂದೆ," ಎಂದಳು. ನನಗೇನಾದರೂ ತಲೆ ಕೆಟ್ಟಿದೆಯೇ ಎಂಬಂತೆ ನೋಡಿದಳು.

ಮನೆಯಲ್ಲಿ ಹೇಳಿಕೊಂಡಾಗ ಹೆಂಡತಿ, "ಬಕೆಟ್ ಕೊಡ್ತೀನಿ ಅಂದಿದ್ರೆ ನಾನೂ ಬರ್ತಿದ್ದೆ," ಎಂದಳು.

ವಿಚಾರಣೆ ನಡೆಯಿತು. "ಪ್ರತಿ ವರ್ಷ ಸೂಚನೆ ಕೊಟ್ಟಿದ್ದರೂ ಸಾರ್ವಜನಿಕರು ಪಾಲಿಸಲಿಲ್ಲ" ಎಂದು ನಾನು ಹೇಳಿಕೆ ಕೊಟ್ಟೆ. ಅದರಲ್ಲಿ ಸುಳ್ಳಿನ ಪದ ಒಂದೂ ಇರಲಿಲ್ಲ. ಬಕೆಟ್ಟಿನ ಮಾತು ಮಾತ್ರ ಇರಲಿಲ್ಲ. ಆ ಒಂದು ವಾಕ್ಯವನ್ನು ಮುಂದಿಟ್ಟುಕೊಂಡು ಕಾರ್ಖಾನೆ ಸೆಲ್ವಿಯ ಚಿಕಿತ್ಸೆಯ ಖರ್ಚಿನಿಂದ ಕೈ ತೊಳೆದುಕೊಂಡಿತು.

ಅದಾದ ಮೇಲೆ ನನಗೆ ಒಂದು ಕುತೂಹಲ ಹತ್ತಿತು. ಇಷ್ಟು ವರ್ಷ ನಾನು ಹೇಳಿದ್ದರಲ್ಲಿ ಜನ ಕೇಳಿಸಿಕೊಂಡದ್ದೇನು? ಡ್ಯೂಟಿ ಮುಗಿದ ಮೇಲೆ ಬೀದಿಗೆ ಹೋಗಿ ಕೇಳತೊಡಗಿದೆ. ಉಂಡೆ ಟ್ಯಾಂಕಿನಲ್ಲಿ ಕುಡಿಯುವ ನೀರಿದೆ ಎಂದುಕೊಂಡವರಿದ್ದರು. ಒದ್ದೆ ಬಟ್ಟೆ ಬೆಂಕಿ ಆರಿಸಲಿಕ್ಕೆ ಎಂದು ಒಬ್ಬರು. ಗಾಳಿಯ ದಿಕ್ಕಿನ ವಿಷಯ ಯಾರೂ ಕೇಳಿರಲೇ ಇಲ್ಲ, ಏಕೆಂದರೆ ನಾನು ಹೇಳಿರಲೇ ಇಲ್ಲ.

ಲ್ಯಾಬಿನಿಂದ ನೀರು ಬೆರೆಸಿ ತೆಳುಮಾಡಿದ ಅಮೋನಿಯದ ಒಂದು ಪುಟ್ಟ ಸೀಸೆ ತಂದೆ. ಹತ್ತಿಗೆ ಒಂದು ಹನಿ ಹಾಕಿ ದೂರದಿಂದ ಮೂಸಲು ಹೇಳಿದೆ. ಮೊದಲು ಒಣ ಬಟ್ಟೆ ಹಿಡಿದು, ಆಮೇಲೆ ಒದ್ದೆ ಬಟ್ಟೆ ಹಿಡಿದು. ಒಣ ಬಟ್ಟೆಗೆ ಮುಖ ಕಿವಿಚಿದವರು ಒದ್ದೆ ಬಟ್ಟೆಗೆ ಕಣ್ಣರಳಿಸಿದರು. "ಅಡ, ಆಮಾಂಡೀ! ಹೌದಲ್ಲೇ!" ಎಂದು ಒಬ್ಬಳು ಇನ್ನೊಬ್ಬಳ ಮೂಗಿಗೆ ಹಿಡಿದಳು. ಮಹಡಿಯ ಹಗ್ಗದ ಮೇಲಿನ ಸೀರೆ ಯಾವ ಕಡೆ ಹಾರುತ್ತದೋ ಗ್ಯಾಸೂ ಅದೇ ಕಡೆ ಹೋಗುತ್ತದೆ ಎಂದು ತೋರಿಸಿದೆ. ಹೊರಗೆ ಸಿಕ್ಕಿಕೊಂಡವರು ಅದಕ್ಕೆ ಅಡ್ಡವಾಗಿ ಓಡಬೇಕು. ಸೆಲ್ವಿ ದೂರದ ಕಟ್ಟೆಯ ಮೇಲೆ ಕೂತಿದ್ದಳು.

"ಅದಕ್ಕೆ ಹೆಸರೇನು ಅಯ್ಯರೇ?"

"ಅಮೋನಿಯ."

"ಇಷ್ಟೇ ತಾನೆ? ಇದನ್ನು ಹೇಳೋದಕ್ಕೆ ಇಷ್ಟು ವರ್ಷ ಬೇಕಾಯ್ತಾ?"

ಮುಂದಿನ ಡ್ರಿಲ್ಲಿಗೆ ಶಾಮಿಯಾನ ಇಲ್ಲ, ಬಕೆಟ್ ಇಲ್ಲ. ಸೈರನ್ ಕೂಗಿತು. ಗೇಟಿನ ಮುಂದೆ ಒಬ್ಬರೂ ಇಲ್ಲ. ಮ್ಯಾನೇಜರು ಮುಖ ಗಂಟಿಕ್ಕಿಕೊಂಡು ಫೋಟೋಗ್ರಾಫರನ್ನು ಕಳಿಸಿಬಿಟ್ಟರು. ಮೊದಲ ವರ್ಷ ನನಗೆ ಅವಮಾನವಾಗಿದ್ದ ಅದೇ ಖಾಲಿ ರಸ್ತೆಯಲ್ಲಿ ನಾನು ನಡೆದುಹೋದೆ. ಎಲ್ಲ ಬಾಗಿಲೂ ಹಾಕಿದ್ದವು. ಸಂದಿಗಳಲ್ಲಿ ತುರುಕಿದ ಹಳೆಯ ಸೀರೆ, ಟವೆಲ್ಲುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅಪಾಯದ ಹೆಸರನ್ನು ಬಚ್ಚಿಟ್ಟು ಜಾಗ್ರತೆ ಕಲಿಸಲಾಗದು ಎಂದು ನನಗೆ ತಿಳಿದದ್ದು ಆ ರಸ್ತೆಯಲ್ಲಿ.

ಸೆಲ್ವಿಯ ಬಾಗಿಲು ತಟ್ಟಿದೆ.

"ಸೈರನ್ ನಿಲ್ಲಲಿ, ತೆಗೀತೀನಿ," ಎಂದಳು ಒಳಗಿನಿಂದ, ಕೆಮ್ಮುತ್ತಾ. "ಅಯ್ಯರೇ, ಅಂದು ವಿಚಾರಣೆಯಲ್ಲಿ ನಾವು ಮಾತು ಕೇಳಲಿಲ್ಲ ಅಂದ್ರಂತೆ. ಬಕೆಟ್ಟಿನ ವಿಷಯ ಆಮೇಲಾದರೂ ಹೇಳಿದ್ರಾ?"

ನಾನು ಹೇಳಿರಲಿಲ್ಲ. ಆಮೇಲೂ ಹೇಳಲಿಲ್ಲ. ಕೆಲಸ ಉಳಿಯಿತು, ನಿವೃತ್ತಿಯ ದಿನ ಹಾರ ಹಾಕಿಸಿಕೊಂಡೆ. ಅಂದು ಸೈರನ್ ನಿಲ್ಲುವ ಮೊದಲೇ ನಾನು ಆ ಬಾಗಿಲಿನ ಮುಂದಿನಿಂದ ಹೊರಟುಬಿಟ್ಟಿದ್ದೆ. ಈಗ ಹೇಳುತ್ತಿದ್ದೇನೆ: ಅವರು ಮಾತು ಕೇಳಿದ್ದರು. ಗೇಟಿಗೆ ಬನ್ನಿ ಎಂದು ಕಲಿಸಿದವನು ನಾನು.